ಕೋಟೆ ಬಾಗಿಲಿನ ಫೋಟೊ

ಪ್ರೀತಿಯ ಅಪ್ಪಾ,

ನೀನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಟ್ಟು ಬೆಳೆದವಳು ನಾನು. ಇವತ್ತು ಕನ್ನಡದಲ್ಲೇ ಬರೆಯುತ್ತಿದ್ದೇನೆ. ತಪ್ಪುಗಳಿದ್ದರೆ ತಿದ್ದಿಕೊಂಡು ಓದು.

ಇವತ್ತು ನಮ್ಮ ಸೈಕಲ್ ಯಾತ್ರೆಯ ಗುಂಪಿಗೆ ರಜೆ. ಫ್ರಾನ್ಸಿನ ಒಂದು ಹಳೆಯ ಕೋಟೆ ಊರಿನ ಹೊರಗೆ, ಕಾಲುವೆಯ ಪಕ್ಕ ಟೆಂಟ್ ಹಾಕಿದ್ದೇವೆ. ಕೊಚ್ಚಿಯ ಕಳಮಶ್ಶೇರಿಯಲ್ಲಿರುವ ನಮ್ಮ ಸೈಕಲ್ ಅಂಗಡಿಯ ರಾಜಲಕ್ಷ್ಮಿ ಚೇಚಿ ಸವಾರರನ್ನು ಕರೆತಂದಿದ್ದಾರೆ, ರಿಪೇರಿಗೆ ನಾನಿದ್ದೇನೆ. ಎಲ್ಲರೂ ಬಟ್ಟೆ ಒಗೆದು ಹಗ್ಗಕ್ಕೆ ಹಾಕಿ ಮರದ ನೆರಳಲ್ಲಿ ಮಲಗಿದ್ದಾರೆ. ನನಗೆ ಆಗುತ್ತಿಲ್ಲ. ಸೈಕಲ್ ಓಡುತ್ತಿದ್ದರೆ ಮುಂದೆ ಏನು ಮಾಡಬೇಕೆಂದು ತಿಳಿಯುತ್ತದೆ. ಸುಮ್ಮನೆ ಕೂತರೆ ತಲೆಯೆಲ್ಲ ಗೋಜಲು.

ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಕಾಲುವೆ ದಾರಿಯಲ್ಲಿ ಬ್ಯಾಗ್ ಹೊತ್ತ ಮಕ್ಕಳು ಶಾಲೆಗೆ ಹೊರಟಿದ್ದರು. ನೋಡಿದ್ದೇ ತಡ, ನಾನು ಟೆಂಟಿನೊಳಗೆ ಹೋಗಿ ಜಿಪ್ ಎಳೆದುಬಿಟ್ಟೆ. ಬಾಯಲ್ಲಿ ಪೇಸ್ಟಿನ ನೊರೆ ಹಾಗೇ ಇತ್ತು. ನಾನು ಪ್ಲಸ್ ಟು ಬಿಟ್ಟ ವರ್ಷ, ನಿನ್ನ ಆಫೀಸಿನ ಕ್ವಾರ್ಟರ್ಸ್‌ನಲ್ಲಿ ನೀನು ಹೇಳುತ್ತಿದ್ದೆಯಲ್ಲ, “ಸ್ಕೂಲ್ ವ್ಯಾನ್ ಹೋಗೋವರೆಗೂ ಒಳಗಿರು ಪುಟ್ಟಿ, ಯಾಕೆ ಸುಮ್ನೆ ನಾಲ್ಕು ಜನ ಕೇಳೋ ಹಾಗೆ?” ಆ ಅಭ್ಯಾಸ ಇಲ್ಲಿಯವರೆಗೂ ಬಂದಿದೆ.

ಚೇಚಿ ಹೊರಗಿನಿಂದ ಜ್ವರವೇ ಎಂದು ಕೇಳಿದರು. ಇದ್ದದ್ದನ್ನು ಹೇಳಿದೆ. ಮೊದಲು ನಕ್ಕರು. ಆಮೇಲೆ, “ನಿನ್ನೆ ಇವಿಡೆ ಆರ್ಕ್ಕಾ ಅರಿಯುನ್ನೆ ಮೋಳೇ?” ಅಂದರು. ಇಲ್ಲಿ ನಿನ್ನ ಗುರುತು ಯಾರಿಗಿದೆ ಮಗಳೇ, ಅಂತ. ನಾನು ಜಿಪ್ ತೆಗೆದು ಹೊರಗೆ ಬಂದು ಬಾಯಿ ತೊಳೆದುಕೊಂಡೆ.

ನಿನ್ನೆ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮತ್ತೆ ಮತ್ತೆ ಕೇಳಿದ್ದೇನೆ. “ಪಕ್ಕದ್ಮನೆ ಕೌಸಲ್ಯಾ ಆಂಟಿ ನಿನ್ನ ಬಗ್ಗೆ ಕೇಳಿದ್ರು ಪುಟ್ಟಿ. ಫ್ರಾನ್ಸಲ್ಲಿ ಏನೋ ಡಿಸೈನ್ ಕೋರ್ಸ್ ಮಾಡ್ತಿದಾಳೆ ಅಂದ್ಬಿಟ್ಟೆ. ಶನಿವಾರ ಅವರ ಮನೇಲಿ ಪೂಜೆ, ಎಲ್ರೂ ಬರ್ತಾರೆ. ನಿನ್ನ ಹಿಂದೆ ಕಾಲೇಜ್ ಥರ ಏನಾದ್ರೂ ಕಾಣೋ ಹಾಗೆ ಒಂದು ಫೋಟೊ ಕಳಿಸು.”

ಮಧ್ಯಾಹ್ನ ಚೇಚಿಯ ಜೊತೆ ಊರೊಳಗೆ ಹೋದೆ. ಅಂಗಡಿಗಳೆಲ್ಲ ಊಟಕ್ಕೆಂದು ಬಾಗಿಲು ಹಾಕಿದ್ದವು. ಕೋಟೆ ಬಾಗಿಲಲ್ಲಿ ಚೇಚಿ ನನ್ನ ಫೋಟೊ ತೆಗೆದರು. ಕಲ್ಲಿನ ಕಮಾನು, ಗೋಪುರ, ಹೆಗಲಲ್ಲಿ ನನ್ನ ಚೀಲ. ಥೇಟ್ ಕಾಲೇಜೇ, ಅಪ್ಪಾ. ಕಳಿಸಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ನಿನ್ನ ಮರ್ಯಾದೆ ಉಳಿಯುತ್ತಿತ್ತು.

ಆದರೆ ನನಗೆ ಇನ್ನೊಂದು ದಿನ ನೆನಪಾಯಿತು. ನೀನು ಹೇಳದೆ ಕೇಳದೆ ರೈಲು ಹತ್ತಿ ಕೊಚ್ಚಿಗೆ ಬಂದು ನಮ್ಮ ಅಂಗಡಿಯ ಎದುರು ಬದಿಯಲ್ಲಿ ಪಳಂಪೊರಿ, ಅದೇ ಬಾಳೆಹಣ್ಣಿನ ಬಜ್ಜಿ, ತಿನ್ನುತ್ತ ನಿಂತಿದ್ದೆ. ನಾನು ಚಕ್ರದ ಸೊಟ್ಟ ತೆಗೆಯುತ್ತಿದ್ದೆ. ಹೊರಡುವಾಗ ಚೇಚಿಗೆ, “ಅವಳ ಕೈ ಚೆನ್ನಾಗಿ ಪಳಗಿದೆ” ಅಂದೆಯಂತೆ. ನನಗೆ ಮಾತ್ರ “ಊಟ ಆಯ್ತಾ?” ಅಂದೆ. ಫೋಟೊ ಕೇಳುತ್ತಿರುವವನು ಯಾವ ಅಪ್ಪ? ಅವನೋ, ವ್ಯಾನಿಗೆ ಹೆದರುವವನೋ? ಇಬ್ಬರೂ ನೀನೇ. ನಿನಗೆ ನೋವು ಮಾಡದೆ ನಿಜ ಹೇಳುವುದು ಹೇಗೆಂದು ನನಗೆ ಗೊತ್ತಾಗುತ್ತಿಲ್ಲ. ಇದು ಪ್ರಾಮಾಣಿಕತೆಯೋ ಬರೀ ಹಟವೋ, ಅದೂ ಗೊತ್ತಿಲ್ಲ.

ಕೋಟೆಯ ಫೋಟೊ ಅಳಿಸಿದೆ. ಈ ಪತ್ರದ ಜೊತೆ ಬೇರೊಂದು ಕಳಿಸುತ್ತಿದ್ದೇನೆ. ತಲೆಕೆಳಗಾದ ಸೈಕಲ್, ಗ್ರೀಸ್ ಮೆತ್ತಿದ ನನ್ನ ಕೈ, ಹಿಂದೆ ಹಗ್ಗದ ಮೇಲೆ ಎಲ್ಲರ ಒದ್ದೆ ಬಟ್ಟೆ. ಶನಿವಾರ ಅದನ್ನು ತೋರಿಸುತ್ತೀಯೋ, ಫೋನ್ ಜೇಬಲ್ಲೇ ಇಟ್ಟುಕೊಳ್ಳುತ್ತೀಯೋ, ನಿನಗೆ ಬಿಟ್ಟಿದ್ದು. ಊರಿಗೆ ಬಂದ ಮಾರನೆಯ ಬೆಳಿಗ್ಗೆ ವ್ಯಾನ್ ಬರುವ ಹೊತ್ತಿಗೆ ನಾನು ಗೇಟಿನ ಹತ್ತಿರ ಸೈಕಲ್ ಒರೆಸುತ್ತಿರುತ್ತೇನೆ. ಒಳಗೆ ಹೋಗುವುದಿಲ್ಲ. ನೀನೂ ಕಾಫಿ ಲೋಟ ಹಿಡಿದು ಹೊರಗೆ ಬಂದರೆ ನನಗೆ ಸಾಕು.

ಬಿಪಿ ಮಾತ್ರೆ ತಪ್ಪಿಸಬೇಡ. ದೊಡ್ಡವರನ್ನು ಚಿಕ್ಕವರು ಹರಸಬಹುದೋ ಇಲ್ಲವೋ ತಿಳಿಯದು, ಆದರೂ ಹರಸುತ್ತೇನೆ. ಯಾರು ಏನೇ ಕೇಳಿದರೂ ನಿನಗೆ ಹೆದರಿಕೆಯಾಗದಿರಲಿ.

ನಿನ್ನ ಪುಟ್ಟಿ,
ಗ್ರೀಷ್ಮಾ