ಎಲ್ಲಿಂದ, ಎಲ್ಲಿಗೆ

ಟೈಲರ್ ಅಂಗಡಿಯ ಹಿಂದಿನ ಕೋಣೆ
ತಾರೀಕು ಹನ್ನೆರಡು, ಮಂಗಳವಾರ, ಬೆಳಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೇಜುಗಳ ಕೆಳಗೆ ತೂರಿ ತೂರಿ ಹಿಡಿದಿದ್ದ ಸೊಂಟನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲಿದ್ದ ಹಾಗೆ ಚಹಾ ಕುಡಿದು ಹೊಟ್ಟೆಗೆ ಸುಳ್ಳು ಹೇಳುತ್ತೀಯೋ? ಅಮ್ಮ ಚೆನ್ನಾಗಿದ್ದಾಳೆ. ನಿನ್ನ ವಿಳಾಸ ಕೊಟ್ಟವನು ವೈರಿಂಗ್ ಕೆಲಸದ ನಿನ್ನ ಗೆಳೆಯ. ಅವನ ಮೇಲೆ ಸಿಟ್ಟಾಗಬೇಡ. ಮೂರು ದಿನ ಅವನ ಏಣಿಯ ಬುಡದಲ್ಲಿ ಸುಮ್ಮನೆ ಹೋಗಿ ನಿಂತಿದ್ದೆ. ನಾಲ್ಕನೆಯ ದಿನ, "ಮಾತಾಡದೇನೇ ಪ್ರಾಣ ತಿಂತೀಯಲ್ಲ ತಾಯಿ" ಎಂದು ಚೀಟಿ ಬರೆದುಕೊಟ್ಟ.

ನೀನು ಹೋದ ಮೇಲೆ ಚಿಕ್ಕಪ್ಪ ನಿನ್ನ ಕೆಲಸದ ಚೀಲವನ್ನು ನನ್ನ ಹೆಗಲಿಗೆ ಹಾಕಿದರು. ಈಗ ಎಂಟು ತಿಂಗಳಿಂದ ಅಂಗಡಿ ಅಂಗಡಿಗೆ ಹೋಗಿ ಕಂಪ್ಯೂಟರ್ ಶುಚಿ ಮಾಡುವವಳು ನಾನೇ. ನಿನ್ನ ನೋಟುಬುಕ್ಕಿನ ಪ್ರಕಾರವೇ ನಡೆಯುತ್ತೇನೆ. ಮೊದಲು ಧೂಳು, ಆಮೇಲೆ ಎಲ್ಲದಕ್ಕೂ ಒಂದು ನಕಲು, ಆಮೇಲೆ ಹೊಸ ಪಾಸ್‌ವರ್ಡ್, ಕೊನೆಗೆ ಕೆಲಸ ಬಿಟ್ಟವರ ಹೆಸರು ತೆಗೆಯುವುದು. ಬೇಕರಿಯ ಕಂಪ್ಯೂಟರಿನೊಳಗೆ ಇರುವೆಗಳು ಸಂಸಾರ ಹೂಡಿದ್ದವು. ಔಷಧಿ ಅಂಗಡಿಯವರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಯ ಮೇಲೇ ಅಂಟಿಸಿದ್ದರು. "ಪಾಪ, ಕಳ್ಳನಿಗೂ ಕಷ್ಟ ಆಗ್ಬಾರ್ದಲ್ಲ" ಎಂದು ಚಿಕ್ಕಪ್ಪ ಅವರನ್ನು ಚುಚ್ಚಿದರು.

ಇವತ್ತು ಟೈಲರ್ ಮಾಮನ ಸರದಿ. ನಕಲು ಹೋಗುತ್ತಿದೆ, ಶೇಕಡಾ ನಲವತ್ತು ಆಗಿದೆ. ಕುಳಿತಲ್ಲಿ ಕುಳಿತುಕೊಳ್ಳಲಾಗದೆ ಈ ಕಾಗದ ಹಿಡಿದಿದ್ದೇನೆ. ಮಾಮನ ಸೀಮೆಸುಣ್ಣದಿಂದ ಒಂದು ಡಿಸ್ಕಿನ ಮೇಲೆ 'ತುಂಬಿದ್ದು', ಇನ್ನೊಂದರ ಮೇಲೆ 'ಖಾಲಿ' ಎಂದು ಬರೆದಿಟ್ಟಿದ್ದರೂ ನಾಲ್ಕು ಸಲ ಎದ್ದು ನೋಡಿಬಂದೆ. 'ಎಲ್ಲಿಂದ, ಎಲ್ಲಿಗೆ, ಎರಡು ಸಲ ಓದು' ಎಂದು ನೋಟುಬುಕ್ಕಿನಲ್ಲಿ ಬರೆದವನು ನೀನು. ಆ ದಿನ ಇದೇ ಕುರ್ಚಿಯಲ್ಲಿ ಕುಳಿತು, ಖಾಲಿ ಡಿಸ್ಕನ್ನೇ ತುಂಬಿದ್ದರ ಮೇಲೆ ನಕಲು ಮಾಡಿಬಿಟ್ಟವನೂ ನೀನೇ. ಹದಿನೆಂಟು ವರ್ಷದ ಅಳತೆಗಳು, ಊರಿನ ಅರ್ಧ ಜನರ ಎದೆ, ಸೊಂಟ, ತೋಳು ಎಲ್ಲ ಅಳಿಸಿಹೋದವು. ಮರುದಿನ ಬೆಳಗ್ಗೆ ಬಾಗಿಲಲ್ಲಿ ನಿನ್ನ ಚಪ್ಪಲಿ ಇರಲಿಲ್ಲ.

ನಲವತ್ತಾರು. ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ನಕಲು ಮುಗಿಯುವ ಮುನ್ನ, ತೆಗೆಯಬೇಕಾದ ಹೆಸರು ನೋಡಿಕೊಳ್ಳಲು ಪಟ್ಟಿ ತೆರೆದರೆ ನಿನ್ನ ಹೆಸರು ಇನ್ನೂ ಇತ್ತು. ಕೊನೆಯ ಬಾರಿ ಬಳಸಿದ್ದು ನಿನ್ನೆ ಹನ್ನೊಂದು ಗಂಟೆಗೆ. ಮೊನ್ನೆಯೂ ಹನ್ನೊಂದಕ್ಕೆ. ಅಂಗಡಿಯ ಕ್ಯಾಮೆರಾ ಬಿಟ್ಟು ಬೇರೇನನ್ನೂ ನೀನು ಅಲ್ಲಿಂದ ತೆರೆದಿಲ್ಲ. ಆ ಕ್ಯಾಮೆರಾದ ಕೆಳಗಿನ ಬೆಂಚಿನಲ್ಲಿ ಕುಳಿತು ಅಮ್ಮ ದಿನವೂ ಹನ್ನೊಂದಕ್ಕೆ ಮಾಮನ ಷರ್ಟುಗಳಿಗೆ ಗುಂಡಿ ಹೊಲಿಯುತ್ತಾಳೆ, ಆರು ತಿಂಗಳಾಯಿತು. ನೀನು ನಮ್ಮನ್ನು ಮರೆತಿಲ್ಲ ಎಂದು ಮೊದಲು ಸಂತೋಷವಾಯಿತು. ಆಮೇಲೆ ಭಯ. ಅಳತೆ ಕೊಡಲು ಹೆಂಗಸರು ಬರುವ ಜಾಗ ಇದು. ಅಳತೆ ತೆಗೆಯುವ ಬಟ್ಟೆ ಪರದೆಯ ಆಚೆಗೆ ಕ್ಯಾಮೆರಾಕ್ಕೆ ಏನೂ ಕಾಣದು, ಆದರೂ ತಪ್ಪು ತಪ್ಪೇ. "ಕೆಲಸ ಬಿಟ್ಟವರ ಕೈಲಿ ಬೀಗದಕೈ ಇರಬಾರದು" ಎಂಬ ಚಿಕ್ಕಪ್ಪನ ಮಾತಿಗೆ ನೀನೇ ನೋಟುಬುಕ್ಕಿನಲ್ಲಿ ಎರಡು ಗೆರೆ ಎಳೆದಿದ್ದೀಯ. ಅಳಿಸಿದರೆ ನಿನಗೆ ಅಮ್ಮ ಕಾಣುವುದಿಲ್ಲ. ಬಿಟ್ಟರೆ ಮಾಮನಿಗೆ ಮೋಸ. ಮೂರು ಸಲ ನೀರು ಕುಡಿದೆ, ಒರೆಸಿದ ಕೀಬೋರ್ಡನ್ನೇ ಮತ್ತೆ ಒರೆಸಿದೆ. ಕೊನೆಗೆ ಮಾಮನಿಗೇ ಹೇಳಿದೆ.

ಅವರು ಕತ್ತರಿ ಕೆಳಗಿಟ್ಟರು. "ಅಳಿಸ್ಬೇಕಾದ್ದೇ ಕಣಮ್ಮ. ಜನ ನನ್ನ ನಂಬ್ಕೊಂಡು ಬರ್ತಾರೆ" ಎಂದರು. ಮತ್ತೆ ಕತ್ತರಿ ಎತ್ತಿಕೊಂಡು ಅವರೇ ನಕ್ಕರು. "ಅಳತೆ ಹೋದದ್ದಕ್ಕೆ ಊರು ಬಿಡ್ತಾರೇನು? ಹಳೇ ಅಳತೆ ಇಟ್ಕೊಂಡು ಎಲ್ಲರಿಗೂ ಮದುವೆ ದಿನದ ಅಳತೆ ಷರ್ಟೇ ಹೊಲೀತಿದ್ದೆ. ಹೊಸದಾಗಿ ಟೇಪ್ ಹಿಡಿದ ಮೇಲೆ ಒಬ್ಬರ ಗುಂಡಿಯೂ ಕಿತ್ತು ಬಂದಿಲ್ಲ. ಹೊಟ್ಟೆ ಬೆಳೆದದ್ದೂ ನನ್ನ ತಪ್ಪು ಅಂತಾರೆ, ಅಷ್ಟೇ."

ಈಗ ಹತ್ತೂ ಮುಕ್ಕಾಲು. ಅಮ್ಮ ಬರುವ ಹೊತ್ತು. ಅವಳಿಗೆ ಏನೂ ಹೇಳಿಲ್ಲ. ಹೊಟ್ಟೆ ತುಂಬ ಉಣ್ಣು, ಬಿದ್ದ ಜಾಗದಲ್ಲಿ ನಿದ್ದೆ ಮಾಡಬೇಡ. ಇಲ್ಲಿ ನಿನ್ನನ್ನು ಕೇಳುವ ಎಲ್ಲರ ನಮಸ್ಕಾರಗಳೂ ಈ ಕಾಗದದಲ್ಲಿವೆ.

ನಿನ್ನ ತಂಗಿ,
ನೀನೇ ಹೆಸರಿಟ್ಟ ಮೂಗಿ

ವಿ.ಸೂ.: ಹನ್ನೊಂದಕ್ಕೆ ನಿನ್ನ ಹೆಸರಿನ ಪಕ್ಕ, ನೀನು ನೋಡುತ್ತಿದ್ದೀಯ ಎನ್ನುವ ಹಸಿರು ಚುಕ್ಕೆ ಬಂತು. "ಅಮ್ಮಾ, ಅಲ್ಲಿ ಮೇಲೆ ಜೇಡರ ಬಲೆ ಇದೆಯಾ ನೋಡು" ಎಂದೆ. ಅವಳು ತಲೆಯೆತ್ತಿ ಬಹಳ ಹೊತ್ತು ಹುಡುಕಿದಳು. ಬಲೆ ಇರಲಿಲ್ಲ. ಮುಖ ನಿನಗೆ ಚೆನ್ನಾಗಿ ಕಂಡಿರಬೇಕು. ಆಮೇಲೆ ನಿನ್ನ ಹೆಸರು ಅಳಿಸಿದೆ. ಮಾಮ ಹೊಸ ಅಳತೆ ಪುಸ್ತಕದಲ್ಲಿ ನಮ್ಮ ಮನೆಯ ಪುಟ ತೆಗೆದು ತೋರಿಸಿದರು. ಅಮ್ಮನದಿದೆ, ನನ್ನದಿದೆ, ನಿನ್ನ ಹೆಸರಿನ ಮುಂದೆ ಖಾಲಿ. "ಇದನ್ನ ಕ್ಯಾಮೆರಾದಲ್ಲಿ ತಗೊಳ್ಳೋಕಾಗಲ್ಲ, ಬಂದು ನಿಂತ್ಕೊಳ್ಳೋಕೆ ಹೇಳು" ಎಂದರು.