ಹಿತಕಿದವರೆ ಸಾರು ಯಾರದು

ಡಿಸೆಂಬರ್ 22, ಭಾನುವಾರ

ಶಾಮಿಯಾನದವನಿಗೆ ಮತ್ತೆ ಫೋನ್ ಮಾಡಿದೆ. ಇನ್ನೂ ಮೂರು ವಾರ ಇದೆಯಲ್ಲವ್ವ ಎಂದ. ಇದ್ದರೇನು. ಮಳೆ ಬಂದರೆ?

ಮಗಳು ರಮ್ಯ, ನಟರಾಜ್ ರಿಜಿಸ್ಟರ್ ಮದುವೆ ಆಗಿ ತಿಂಗಳಾಯಿತು. ಈಗ ಊಟ ಮಾತ್ರ. ಛತ್ರ ಬೇಡವಂತೆ, ಓಲಗ ಬೇಡವಂತೆ, ಮುಹೂರ್ತವೂ ಬೇಡ — ಧನುರ್ಮಾಸದಲ್ಲೇ ಇಟ್ಟುಕೊಂಡಿದ್ದಾಳೆ. ನರಸೀಪುರದ ನಮ್ಮ ಹಿತ್ತಲಲ್ಲಿ ನಾನೂ ನಂಜನಗೂಡಿನ ಬೀಗಿತ್ತಿ ಮುದ್ದಮ್ಮನೂ ಸೇರಿ ಒಂದೇ ಒಲೆಯಲ್ಲಿ ಅಡುಗೆ ಮಾಡಬೇಕು. ಎಲ್ಲರೂ ಒಂದೇ ಸಾಲು. ಮಗಳಿಗೆ ಅದೇ ಮದುವೆ.

ನಾವು ಲಿಂಗಾಯತರು. ಅವರು ಬೌದ್ಧರು. ಅದಕ್ಕೆ ಮೊದಲು ಏನಾಗಿದ್ದರೆಂದು ನಮ್ಮವರು ಮರೆಯುವವರಲ್ಲ...

ಡಿಸೆಂಬರ್ 25

ಹೆಮ್ಮಿಗೆಗೆ ಹೋಗಿ ಯಜಮಾನರ ಅಕ್ಕ ಪುಟ್ಟಗೌರಮ್ಮನನ್ನು ಕರೆದು ಬಂದೆವು. ಅತ್ತಿಗೆ ಬರುತ್ತಾರಂತೆ. ಕಳಿಸಲು ಬಾಗಿಲವರೆಗೆ ಬಂದು ಮೆಲ್ಲಗೆ ಅಂದರು: "ನೀನ್ ಮಾಡಿದ್ದಾದ್ರೆ ಉಣ್ತೀನಿ ಕಣೆ ಮಲ್ಲಾಜಿ. ಆವಮ್ಮ ಮಾಡಿದ್ದಾದ್ರೆ ಎಲೆ ಮುಂದಿಂದ ಎದ್ದೋಯ್ತೀನಿ."

ಅವರು ಎದ್ದರೆ ಹೆಮ್ಮಿಗೆಯವರೆಲ್ಲ ಏಳುತ್ತಾರೆ. ಬಸ್ಸಿನಲ್ಲಿ ಯಜಮಾನರು ನಿದ್ದೆ ಮಾಡಿದರು. ಇವರಿಗೆ ಹೇಗೆ ಬರುತ್ತದೋ.

ಜನವರಿ 5

ಅಡುಗೆ ಗೊತ್ತು ಮಾಡಲು ಮುದ್ದಮ್ಮ ಬಂದಿದ್ದರು. ಮಾಂಸ ಬೇಡ ಎಂದು ಅವರೇ ಅಂದರು. ಯಾವ ಲೋಟದಲ್ಲಿ ನೀರು ಕೊಡುವುದೆಂದು ಬೆಳಿಗ್ಗೆಯಿಂದ ಯೋಚಿಸಿದ್ದೆ. ಕೇಳುವ ಮೊದಲೇ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದರು. ಆಮೇಲೆ ಕಾಫಿ ಕೊಟ್ಟೆ, ನಾವು ಕುಡಿಯುವ ಲೋಟದಲ್ಲೇ. ಕುಡಿದು ತಾವೇ ತೊಳೆದಿಟ್ಟರು. ಬೇಡ ಎನ್ನಲು ಬಾಯಿ ಬಂತು, ತಡವಾಗಿ.

ಸಾರು ನಾನು ಮಾಡುತ್ತೇನೆ, ಪಲ್ಯ ನೀವು ಮಾಡಿ ಎಂದೆ. ಅತ್ತಿಗೆ ಪಲ್ಯ ಬಿಟ್ಟರೂ ಊಟ ಆಗುತ್ತದೆ. ಅವರಿಗೆ ತಿಳಿಯಿತೋ ಏನೋ. ಆಗ್ಲಿ ಎಂದರು.

ಜನವರಿ 11, ಸಂಜೆ

ಹೆಂಗಸರೆಲ್ಲ ಕೂತು ಅವರೆಕಾಳು ಹಿತಕಿದರು. ಅವರ ಕಡೆಯವರು ಒಂದು ಮೂಲೆ, ನಮ್ಮವರು ಒಂದು ಮೂಲೆ. ರಮ್ಯ ನಡುವೆ ಬೋಗುಣಿ ಇಟ್ಟಳು. ಸಿಪ್ಪೆ ಎರಡು ಗುಡ್ಡೆ, ಕಾಳು ಒಂದೇ ಬೋಗುಣಿ. ಗ್ಯಾಸ್ ಸಾಲುತ್ತದೋ ಇಲ್ಲವೋ.

ಜನವರಿ 12, ಮಧ್ಯಾಹ್ನ 2

ಒಳಕೋಣೆ. ಚಿಲಕ ಹಾಕಿದ್ದೇನೆ. ಹೊರಗೆ ಮೊದಲ ಪಂಕ್ತಿ.

ಬೆಳಿಗ್ಗೆ ಬಿಪಿ ಏರಿ ತಲೆ ಸುತ್ತಿತು. ಸ್ವಲ್ಪ ಮಲಗಿದೆ. ಎದ್ದು ಬರುವಷ್ಟರಲ್ಲಿ ಮುದ್ದಮ್ಮನೇ ಸಾರು ಮಾಡಿ ಇಳಿಸಿದ್ದರು.

ಅತ್ತಿಗೆ ಉಂಡರು. ಮತ್ತೆ ಹಾಕಿಸಿಕೊಂಡರು. ಯಾರ ಕೈಯ ಸಾರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮುದ್ದಮ್ಮ — "ಅವ್ರೇ ಮಾಡಿದ್ದು ಕಣವ್ವ. ನಾನು ಈರುಳ್ಳಿ ಹೆಚ್ಕೊಟ್ಟೆ, ಅಷ್ಟೇಯ."

ಸಾರಿನ ಬಕೆಟ್ ಹಿಡಿದಿದ್ದ ರಮ್ಯ ನನ್ನನ್ನೇ ನೋಡಿದಳು. ಸುಮ್ಮನಿದ್ದೆ. ಅತ್ತಿಗೆ ನಕ್ಕು, ಅದಕ್ಕೇ ಈ ರುಚಿ ಎಂದರು.

ಈಗ ರಮ್ಯ ಬಾಗಿಲಾಚೆ ನಿಂತಿದ್ದಾಳೆ. "ಅಮ್ಮ, ನೀನು ಹೇಳೋಗಂಟ ನಾವಿಬ್ರೂ ಊಟಕ್ಕೆ ಕೂರಲ್ಲ." ಕೂಗಲಿಲ್ಲ. ಕೂಗಿದ್ದರೆ ಬೈಯಬಹುದಿತ್ತು.

ಹೇಳಿದರೆ ಹೆಮ್ಮಿಗೆಯ ಬಾಗಿಲು ಮುಚ್ಚಿತು. ಯಜಮಾನರಿಗೆ ಇರುವುದು ಅಕ್ಕ ಒಬ್ಬರೇ. ಹೇಳದಿದ್ದರೆ...

ಮುದ್ದಮ್ಮ ಮೊಸರು ಬಡಿಸುತ್ತಿರುವುದು ಕಿಟಕಿಯಲ್ಲಿ ಕಾಣುತ್ತಿದೆ. ಅತ್ತಿಗೆಯ ಎಲೆ ಬಂತು. ಸೌಟನ್ನು ನಮ್ಮ ಕಡೆಯವಳೊಬ್ಬಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಂತರು. ಯಾರೂ ಹೇಳಿರಲಿಲ್ಲ.

ಚಿಲಕ ತೆಗೆಯುತ್ತೇನೆ. ಅತ್ತಿಗೆಯ ಕಿವಿಯಲ್ಲಿ ಅಲ್ಲ. ಸಾಲಿನ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ — ಈ ಸಾರು