ಮೊಣಕಾಲಿನ ಹರಕು

ಪ್ರೀತಿಯ ತಮ್ಮಾ,

ನಿಮ್ಮ ಯುದ್ಧನೌಕೆಯಿಂದ ರಿಪೇರಿಗೆ ಬಂದ ಬಾಹ್ಯಾಕಾಶದ ಉಡುಪುಗಳಲ್ಲಿ ಇವತ್ತು ನಿನ್ನದೂ ನನ್ನ ಮೇಜಿಗೆ ಬಂತು. ಮೊಣಕಾಲಿನ ಬಳಿ ಹರಿದಿತ್ತು. ಶತ್ರುಗಳ ಗುಂಡು ತಾಗಿದರೆ ಬಟ್ಟೆ ಸುಟ್ಟಿರುತ್ತದೆ. ಇದು ಒಳಗಿನಿಂದ ಕತ್ತರಿಯಲ್ಲಿ ಕತ್ತರಿಸಿದ್ದು. ಇಷ್ಟು ವರ್ಷ ಹೊಲಿದವಳಿಗೆ ಅಷ್ಟೂ ತಿಳಿಯದೇ? ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಎರಡು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡೆ.

"ಏನಾಗಿದೆಯಮ್ಮಾ ಇದಕ್ಕೆ?" ಎಂದು ಮೇಲ್ವಿಚಾರಕರು ಕೇಳಿದರು.

"ಗುಂಡು ತಾಗಿದೆ ಸಾರ್, ಎಂಟು ದಿನ ಬೇಕು" ಎಂದೆ. ಅರ್ಧ ಗಂಟೆಯ ಕೆಲಸ.

ಶತ್ರುಗಳ ಆ ಕೆಂಪು ಗ್ರಹದ ಮೇಲಿನ ದಾಳಿಗೆ ಆರೇ ದಿನ ಉಳಿದಿದೆಯಂತೆ. ಉಡುಪಿಲ್ಲದೆ ನಿನ್ನನ್ನು ಕಳಿಸಲಾರರು. ಅಷ್ಟರೊಳಗೆ ವೈದ್ಯರ ಬಳಿ ಹೋಗಿ, ಭಯವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳು. ಹೇಳಲು ಆಗದಿದ್ದರೆ ಈ ಪತ್ರವನ್ನೇ ಅವರ ಕೈಗೆ ಕೊಡು. ನನ್ನ ಕೆಲಸದ ಚಿಂತೆ ನಿನಗೆ ಬೇಡ.

ನಿನ್ನ ಅಕ್ಕ